ಒಣದ್ರಾಕ್ಷಿಯ ಪೆಟ್ಟಿಗೆ

ದ್ರಾಕ್ಷಿಯನ್ನು ಒಣಗಿಸುವುದು ಬಹು ಪ್ರಾಚೀನವಾದ ವಿದ್ಯೆ. ಹಣ್ಣು ಮಾಗುವ ಕಾಲದಲ್ಲಿ ಮಳೆ ಬಾರದೆ ಬಿಸಿಲು ಚೆನ್ನಾಗಿ ಬಿದ್ದರೆ, ಅದಕ್ಕೆ ಮನುಷ್ಯನ ಕೈ ಹೆಚ್ಚಾಗಿ ಬೇಕಾಗುವುದಿಲ್ಲ. ಆದರೆ ಒಣಗಿದ ಹಣ್ಣನ್ನು ಆರಿಸಿ, ದರ್ಜೆಗಳಾಗಿ ವಿಂಗಡಿಸಿ, ಪೆಟ್ಟಿಗೆಗೆ ತುಂಬಿ, ಅದರ ಮೇಲೆ ಒಂದು ಹೆಸರನ್ನು ಅಂಟಿಸಿ, ಎರಡು ಮೂರು ಸಾವಿರ ಮೈಲಿಗಳಾಚೆಯ ಅಂಗಡಿಗೆ ಕಳುಹಿಸುವುದು ಬೇರೆಯೇ ಕಸುಬು. ಅದು ಈಚಿನದು. ಅದರ ಲಾಭವು ಬೆಳೆದವನಿಗೆ ಸೇರತಕ್ಕದ್ದೋ, ಪೆಟ್ಟಿಗೆ ತುಂಬಿದವನಿಗೆ ಸೇರತಕ್ಕದ್ದೋ ಎಂಬ ವ್ಯಾಜ್ಯವೂ ಅದರೊಂದಿಗೇ ಹುಟ್ಟಿತು. ಈ ವ್ಯಾಜ್ಯದ ಚರಿತ್ರೆಯನ್ನು ಮೊದಲಿನಿಂದ ಕಡೆಯವರೆಗೆ ನೋಡಬೇಕೆನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದಷ್ಟು ಅನುಕೂಲವಾದ ಸ್ಥಳ ಮತ್ತೊಂದು ದೊರೆಯದು. ಅಲ್ಲಿ ಎಲ್ಲವೂ ನೂರೈವತ್ತು ವರ್ಷಗಳೊಳಗೆ ನಡೆದುಹೋಗಿದೆ.

ಫ್ರೆಸ್ನೋ ಇರುವುದು ಸ್ಯಾನ್ ವಾಕೀನ್ ಕಣಿವೆಯ ನಡುವೆ. ವರ್ಷಕ್ಕೆ ಸುಮಾರು ೧೧ ಅಂಗುಲ ಮಳೆ. ಅದೂ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಗೆಯೆಲ್ಲ ಉರಿಬಿಸಿಲು. ೧೮೭೨ರಲ್ಲಿ ರೈಲುಮಾರ್ಗ ಅಲ್ಲಿಗೆ ಬಂದಾಗ ಊರೆನ್ನುವಂಥದೇನೂ ಇರಲಿಲ್ಲ. ಕುರಿ ಮೇಯುವ ಬಯಲು, ಅಲ್ಲಲ್ಲಿ ಗೋದಿಯ ಹೊಲ, ಇಷ್ಟೇ. ಅದೇ ಕಾಲದಲ್ಲಿ ಮೋಸಸ್ ಚರ್ಚ್ ಎಂಬಾತನು ಕಿಂಗ್ಸ್ ನದಿಯಿಂದ ಕಾಲುವೆ ತೆಗೆಸಿ ಬಯಲಿಗೆ ನೀರು ಹರಿಸಿದನು. ನೀರು ಬಂದ ಮೇಲೆ ಭೂಮಿಯ ವ್ಯಾಪಾರಿಗಳೂ ಬಂದರು. ೧೮೭೫ರಲ್ಲಿ ‘ಸೆಂಟ್ರಲ್ ಕ್ಯಾಲಿಫೋರ್ನಿಯಾ ಕಾಲೊನಿ’ ಎಂಬ ಹೆಸರಿನಿಂದ ಒಂದು ವಿಸ್ತಾರವಾದ ಪ್ರದೇಶವನ್ನು ೨೦ ಎಕರೆಯ ತುಂಡುಗಳಾಗಿ ಒಡೆದು, ನೀರಿನ ಹಕ್ಕಿನೊಡನೆ, ಸಾಮಾನ್ಯ ಸಂಬಳಗಾರರೂ ಕಂತುಗಳಲ್ಲಿ ಕೊಳ್ಳುವಂತೆ ಮಾರಾಟಕ್ಕಿಟ್ಟರು. ೨೦ ಎಕರೆಯಲ್ಲಿ ಗೋದಿ ಬೆಳೆದು ಆ ದೇಶದಲ್ಲಿ ಯಾರೂ ಬದುಕಲಾರರು. ದ್ರಾಕ್ಷಿ ಬೆಳೆದರೆ ಬದುಕಬಹುದೆಂಬುದು ಮಾರುವವರ ಆಶ್ವಾಸನೆ.

ಆ ಕಣಿವೆಯಲ್ಲಿ ಮೊಟ್ಟಮೊದಲು ದ್ರಾಕ್ಷಿ ಒಣಗಿದ್ದು ಆಕಸ್ಮಿಕವಾಗಿ ಎಂದು ಒಂದು ಕಥೆಯನ್ನು ಹೇಳುತ್ತಾರೆ. ಫ್ರಾನ್ಸಿಸ್ ಐಸೆನ್ ಎಂಬ ಸ್ವೀಡನ್ ದೇಶದವನ ತೋಟದಲ್ಲಿ ಒಂದು ವರ್ಷ ಬಿಸಿಲು ಅತಿಯಾಗಿ, ಕೊಯ್ಯುವುದಕ್ಕೆ ಮುಂಚೆ ಗೊಂಚಲುಗಳು ಬಳ್ಳಿಯಲ್ಲಿಯೇ ಒಣಗಿದುವಂತೆ. ಅವನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಂಗಡಿಯವನೊಬ್ಬ ‘ಪೆರು ದೇಶದಿಂದ ಬಂದ ಅಪೂರ್ವ ಪದಾರ್ಥ’ ಎಂದು ಹೇಳಿ ಮಾರಿದನಂತೆ. ಕಥೆ ಸೊಗಸಾಗಿದೆ, ಸೊಗಸಾಗಿರುವ ಕಾರಣದಿಂದಲೇ ಅದನ್ನು ಪೂರ್ತಿ ನಂಬುವುದು ಕಷ್ಟ. ಇದಕ್ಕೂ ಮುಂಚೆಯೇ ಉತ್ತರದಲ್ಲಿ ವುಡ್‌ಲೆಂಡಿನ ಬ್ಲೋವರ್ಸ್, ಡೇವಿಸ್‌ವಿಲ್ಲಿನ ಬ್ರಿಗ್ಸ್ ಎಂಬಿಬ್ಬರು ಬುದ್ಧಿಪೂರ್ವಕವಾಗಿಯೇ ದ್ರಾಕ್ಷಿ ಒಣಗಿಸಿ, ೧೮೭೩ರ ವೇಳೆಗೆ ಮಾರುಕಟ್ಟೆಯಲ್ಲಿ ಹೆಸರಾಗಿದ್ದರು. ಆದರೂ ಆ ಅಂಗಡಿಯವನ ಯುಕ್ತಿಯಲ್ಲಿ ಒಂದು ತಥ್ಯವಿದೆ. ಒಣದ್ರಾಕ್ಷಿ ಕೊಳ್ಳುವವರು ಹಣ್ಣನ್ನು ನೋಡುವುದಕ್ಕೆ ಮುಂಚೆ ಅದು ಬಂದ ಊರನ್ನು ಕೇಳುತ್ತಿದ್ದರು.

ಫ್ರೆಸ್ನೋ ಪ್ರಾಂತದ ವ್ಯಾಪಾರದ ನಿಜವಾದ ಆರಂಭವನ್ನು ನಾನಾದರೆ ಮಿನ್ನಿ ಆಸ್ಟಿನ್ ಎಂಬ ಉಪಾಧ್ಯಾಯಿನಿಯಿಂದ ಎಣಿಸುವೆನು. ಈಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಲೆಯ ಪಾಠ ಹೇಳುತ್ತಿದ್ದವಳು. ತನ್ನಂತೆಯೇ ಉಪಾಧ್ಯಾಯಿನಿಯರಾಗಿದ್ದ ಇನ್ನು ಮೂವರೊಡನೆ ಸೇರಿ, ಸಂಬಳದಲ್ಲಿ ಉಳಿಸಿದ ಹಣದಿಂದ, ಮೇಲೆ ಹೇಳಿದ ಕಾಲೊನಿಯಲ್ಲಿ ೧೦೦ ಎಕರೆ ಭೂಮಿಯನ್ನು ಕೊಂಡಳು. ತೋಟಕ್ಕೆ ‘ಹೆಡ್ಜ್‌ರೋ’, ಎಂದರೆ ಬೇಲಿಸಾಲು, ಎಂದು ಹೆಸರು. ೧೮೭೮ರಲ್ಲಿ ಆ ತೋಟದಿಂದ ೩೦ ಪೆಟ್ಟಿಗೆ ಒಣದ್ರಾಕ್ಷಿ ಹೊರಟಿತು. ಅಂದಿನ ಪೆಟ್ಟಿಗೆಗೆ ೨೦ ಪೌಂಡಿನ ರೂಢಿ. ಆದ್ದರಿಂದ ಎಲ್ಲ ಸೇರಿ ೬೦೦ ಪೌಂಡು. ಎರಡು ಎತ್ತಿನ ಗಾಡಿಗೆ ಅದು ಭಾರವೇ ಅಲ್ಲ. ಆದರೆ ಪೆಟ್ಟಿಗೆಯ ಮೇಲಿದ್ದುದು ಬೆಳೆದವಳದೇ ಹೆಸರು. ಎಂಟು ವರ್ಷಗಳ ಮೇಲೆ, ೧೮೮೬ರಲ್ಲಿ, ಅದೇ ತೋಟದಿಂದ ೭,೫೦೦ ಪೆಟ್ಟಿಗೆ ಹೊರಟುವು. ಹೆಂಗಸರಿಗೆ ಆ ದೇಶದ ಸಾರ್ವತ್ರಿಕ ಚುನಾವಣೆಗಳಲ್ಲಿ ಮತ ಕೊಡುವ ಅಧಿಕಾರವೂ ಇಲ್ಲದಿದ್ದ ಕಾಲದಲ್ಲಿ, ಮರಳುಗಾಡಿನಂಥ ಬಯಲಿನಲ್ಲಿ ನಿಂತು ಇಷ್ಟನ್ನು ನಡೆಸಿದವಳ ಹೆಸರು ಊರಿನ ಚರಿತ್ರೆಯನ್ನು ಕಟ್ಟಿದ ಗಂಡಸರ ಹೆಸರುಗಳ ಹಿಂದೆ ಬಹುಕಾಲ ಮರೆಯಾಗಿದ್ದುದು ಆಶ್ಚರ್ಯವಲ್ಲದಿದ್ದರೂ ಅನ್ಯಾಯ.

೧೮೭೮ನೆಯ ವರ್ಷವೇ ಮತ್ತೊಂದು ಕಾರಣದಿಂದಲೂ ಗಮನಾರ್ಹವಾದುದು. ಅಲ್ಲಿಯವರೆಗೆ ಪ್ರಪಂಚಕ್ಕೆಲ್ಲ ಉತ್ತಮವಾದ ಒಣದ್ರಾಕ್ಷಿಯನ್ನು ಒದಗಿಸುತ್ತಿದ್ದುದು ಸ್ಪೇನ್ ದೇಶದ ಮಾಲಗ ಬಂದರು. ಆ ವರ್ಷ ಮಾಲಗದ ತೋಟಗಳಲ್ಲಿ ಫಿಲೊಕ್ಸೆರ ಎಂಬ ಕ್ಷುದ್ರ ಕೀಟವು ಕಾಣಿಸಿಕೊಂಡು, ಬಳ್ಳಿಗಳ ಬೇರನ್ನು ಹೀರಿ, ಕೆಲವೇ ವರ್ಷಗಳಲ್ಲಿ ಬೆಟ್ಟದ ಇಳಿಜಾರುಗಳನ್ನು ಬರಿದು ಮಾಡಿತು. ಈ ಕೀಟದ ಮೂಲಸ್ಥಾನ ಅಮೆರಿಕಾ ಖಂಡವೇ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕಾದಿಂದ ಹೋದ ಕೀಟ ಸ್ಪೇನಿನ ಬೆಳೆಯನ್ನು ಕೆಡಿಸಿತು. ಸ್ಪೇನು ಬಿಟ್ಟ ಮಾರುಕಟ್ಟೆಯನ್ನು ಅಮೆರಿಕಾ ಹಿಡಿಯಿತು. ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಚರಿತ್ರೆಯಲ್ಲಿ ಇಂತಹವು ಆಗುವುದುಂಟು.

ಮಾರುಕಟ್ಟೆಯನ್ನು ಹಿಡಿಯುವುದಕ್ಕೆ ಹಣ್ಣೊಂದೇ ಸಾಲದಾಯಿತು. ಮಾಲಗದ ಪೆಟ್ಟಿಗೆಯನ್ನು ತೆರೆದರೆ ಮೇಲಿನ ಪದರದಲ್ಲಿ ದೊಡ್ಡ ದೊಡ್ಡ ಗೊಂಚಲುಗಳು, ನೀಲಿ ಬೂದಿ ಅಳಿಸದೆ, ತೊಟ್ಟು ಮುರಿಯದೆ, ಚಿತ್ರ ಬರೆದಂತೆ ಒಪ್ಪವಾಗಿರುತ್ತಿದ್ದುವು. ಪದರ ಪದರದ ನಡುವೆ ತೆಳ್ಳನೆಯ ಕಾಗದ. ಕಾಗದದ ಅಂಚಿಗೆ ಕತ್ತರಿಸಿದ ಕುಸುರಿ. ಇದನ್ನು ನೋಡಿ ಪಳಗಿದ ಲಂಡನ್ನಿನ, ನ್ಯೂಯಾರ್ಕಿನ ಗೃಹಿಣಿಯರು ಗೋಣಿಚೀಲದಲ್ಲಿ ಬಂದ ಹಣ್ಣನ್ನು, ಅದು ಎಷ್ಟೇ ಸಿಹಿಯಾಗಿರಲಿ, ಕಣ್ಣೆತ್ತಿ ನೋಡುವರೇ? ಆದ್ದರಿಂದ ಫ್ರೆಸ್ನೋದವರು ಸ್ಪೇನಿನ ಪೆಟ್ಟಿಗೆಯನ್ನೇ ಮಾದರಿಯಾಗಿಟ್ಟುಕೊಂಡರು. ಅಳತೆ ಅದೇ, ಕಾಗದ ಅದೇ. ‘ಇಂಪೀರಿಯಲ್’, ‘ದೆಹೆಸ’ ಎಂದು ದರ್ಜೆಯ ಹೆಸರುಗಳೂ ಅವೇ. ಮಾಲಗದಲ್ಲಿ ಅರ್ಥವಿದ್ದ ಈ ಹೆಸರುಗಳು ಫ್ರೆಸ್ನೋದಲ್ಲಿ ಬರಿಯ ಅಲಂಕಾರ.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಆಗಸ್ಟ್ ಕೊನೆಯಲ್ಲಿ ಗೊಂಚಲುಗಳನ್ನು ಕತ್ತರಿಸಿ, ಎರಡಡಿ ಅಗಲ ಮೂರಡಿ ಉದ್ದದ ಮರದ ತಟ್ಟೆಗಳ ಮೇಲೆ ಹರಡಿ, ಬಳ್ಳಿಯ ಸಾಲುಗಳ ನಡುವೆ ನೆಲದ ಮೇಲೆಯೇ ಇಡುವರು. ಒಂದು ವಾರ ಕಳೆದ ಮೇಲೆ, ತುಂಬಿದ ತಟ್ಟೆಯ ಮೇಲೆ ಬರಿಯ ತಟ್ಟೆಯೊಂದನ್ನು ಕವುಚಿ, ಇಬ್ಬರು ಆಳುಗಳು ಎರಡು ಕಡೆ ಹಿಡಿದು ಒಮ್ಮೆಗೇ ತಿರುವಿಹಾಕುವರು. ನಮ್ಮ ಮನೆಗಳಲ್ಲಿ ದೋಸೆ ತಿರುವಿಹಾಕುವುದಕ್ಕಿಂತ ಇದು ಕಷ್ಟ. ಜಾರಿದರೆ ಒಂದು ತಟ್ಟೆ ಹಣ್ಣು ಮಣ್ಣುಪಾಲು. ಎರಡು ಮೂರು ವಾರಗಳಲ್ಲಿ ಒಣಗುವುದು ಮುಗಿಯುತ್ತದೆ. ಆದರೆ ಎಲ್ಲ ಹಣ್ಣೂ ಸಮನಾಗಿ ಒಣಗಿರುವುದಿಲ್ಲ. ಕೆಲವು ಕಲ್ಲಿನಂತೆ, ಕೆಲವು ಇನ್ನೂ ಹಸಿ. ಇವನ್ನೆಲ್ಲ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಒತ್ತೊತ್ತಾಗಿ ತುಂಬಿ ಕೆಲವು ದಿನ ಬಿಟ್ಟರೆ ಹಸಿಯ ತೇವವನ್ನು ಒಣಗಿದ್ದು ಹೀರಿಕೊಂಡು ಎರಡೂ ಒಂದು ಹದಕ್ಕೆ ಬರುತ್ತವೆ. ಅಲ್ಲಿಯವರು ಇದಕ್ಕೆ ‘ಬೆವರು ಪೆಟ್ಟಿಗೆ’ ಎನ್ನುತ್ತಾರೆ. ನಾಲ್ಕೂವರೆ ಪೌಂಡು ಹಸಿ ಹಣ್ಣಿಗೆ ಹೆಚ್ಚು ಕಡಿಮೆ ಒಂದು ಪೌಂಡು ಒಣಹಣ್ಣು.

ಇಲ್ಲಿಯವರೆಗಿನದು ರೈತನ ಕೆಲಸ. ಬೆವರು ಪೆಟ್ಟಿಗೆಗಳು ಗಾಡಿಯೇರಿ ರೈಲು ನಿಲ್ದಾಣದ ಬಳಿಯ ಪ್ಯಾಕಿಂಗ್ ಕಾರ್ಖಾನೆಗೆ ಬಂದ ಕ್ಷಣದಿಂದ ಹಣ್ಣು ರೈತನ ಕಣ್ಣು ತಪ್ಪಿತು. ಅಲ್ಲಿ ಉದ್ದನೆಯ ಮೇಜುಗಳ ಎರಡು ಪಕ್ಕದಲ್ಲೂ ಹೆಂಗಸರು ಹುಡುಗಿಯರು ನಿಂತು ಆರಿಸುವರು, ಜೋಡಿಸುವರು. ಯಂತ್ರಗಳು ತೊಟ್ಟು ಬಿಡಿಸುವುವು, ಜರಡಿಗಳು ದಪ್ಪ ಸಣ್ಣಗಳನ್ನು ಬೇರ್ಪಡಿಸುವುವು. ತೂಕ ಮಾಡುವವನು ಪ್ಯಾಕಿಂಗ್ ವರ್ತಕ. ದರ್ಜೆ ಹೇಳುವವನು ಅವನೇ. ನ್ಯೂಯಾರ್ಕಿನ ಮಂಡಿಯ ಧಾರಣೆ ಗೊತ್ತಿರುವವನೂ ಅವನೇ. ರೈತನಿಗೆ ಮುಂಗಡ ಕ್ರಯ ಕೊಡದೆ, ಮಾರಾಟವಾದ ಮೇಲೆ ಖರ್ಚು, ರೈಲು ಬಾಡಿಗೆ, ಕಮಿಷನ್ ಎಲ್ಲವನ್ನೂ ಮುರಿದುಕೊಂಡು ಉಳಿದುದನ್ನು ಕೊಡುವುದು ವಾಡಿಕೆಯಾಯಿತು. ೧೮೯೩ರಲ್ಲಿ ಅಮೆರಿಕಾದಲ್ಲೆಲ್ಲ ಬ್ಯಾಂಕುಗಳು ಮುಚ್ಚಿ ವ್ಯಾಪಾರ ಕುಸಿಯಿತು. ಆ ಬಳಿಕದ ವರ್ಷಗಳಲ್ಲಿ ಕೆಲವು ರೈತರಿಗೆ ಹಣಕ್ಕೆ ಬದಲಾಗಿ ಬಿಲ್ಲು ಬಂದಿತು. ಹಣ್ಣು ಮಾರಿ ಬಂದುದಕ್ಕಿಂತ ಕಳುಹಿಸಿದ ಖರ್ಚು ಹೆಚ್ಚಾಯಿತು, ವ್ಯತ್ಯಾಸವನ್ನು ನೀವೇ ಕಟ್ಟಿಕೊಡತಕ್ಕದ್ದು, ಎಂದು! ವರ್ಷವೆಲ್ಲ ದುಡಿದು, ಬೆಳೆಯನ್ನೂ ಕೊಟ್ಟು, ಮೇಲೆ ಸಾಲಗಾರನಾದವನ ಮನಸ್ಥಿತಿಯನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅನೇಕರು ಬಳ್ಳಿಗಳನ್ನೇ ಕಿತ್ತುಹಾಕಿದರು.

ಆಗ ಮುಂದೆ ಬಂದವನು ಥಿಯೊಡೋರ್ ಕಾರ್ನಿ. ಇವನು ರೈತನೆನ್ನುವುದಕ್ಕಿಂತ ಜಮೀನುದಾರ. ಪ್ರಭುಗಳಂತೆ ಉಡುವವನು, ಯಾರೊಡನೆಯೂ ಸಲುಗೆಯಿಲ್ಲದವನು. ಊರಿನವರಿಗೆ ಇವನಲ್ಲಿ ಪ್ರೀತಿಯಿರಲಿಲ್ಲ. ಆದರೆ ರೋಗವೆಲ್ಲಿದೆ ಎಂಬುದನ್ನು ಸರಿಯಾಗಿ ಕಂಡವನು ಇವನೇ. ೧೮೯೮ರಲ್ಲಿ ಇವನ ನಾಯಕತ್ವದಲ್ಲಿ ಒಣದ್ರಾಕ್ಷಿ ಬೆಳೆಗಾರರ ಸಂಘ ಹುಟ್ಟಿತು. ಬೆಳೆಯನ್ನೆಲ್ಲ ಸಂಘವೇ ಕೈಯಲ್ಲಿಟ್ಟುಕೊಂಡು, ಒಂದು ಕ್ರಯವನ್ನು ಗೊತ್ತುಮಾಡಿ ವರ್ತಕರಿಗೆ ಕೊಡುವುದೆಂದು ಏರ್ಪಾಡು. ಮೊದಲ ವರ್ಷಗಳಲ್ಲಿ ಕ್ರಯ ಏರಿತು, ಎಲ್ಲರಿಗೂ ಸಂತೋಷವಾಯಿತು. ಆದರೆ ಪೆಟ್ಟಿಗೆ ತುಂಬುವ ಕೆಲಸ ಮಾತ್ರ ವರ್ತಕರ ಕೈಯಲ್ಲಿಯೇ ಉಳಿದಿತ್ತು. ಸ್ವಂತ ಕಾರ್ಖಾನೆಗಳಿಲ್ಲದ ಸಂಘ ಹಲ್ಲಿಲ್ಲದ ಹಾವು ಎಂಬುದನ್ನು ಕಾರ್ನಿ ಅರಿತಿದ್ದನು. ಕಾರ್ಖಾನೆಗಳನ್ನು ಕಟ್ಟೋಣವೆಂದು ಹಟ ಹಿಡಿದನು. ಬೆಳೆಗಾರರು ಕ್ರಯಕ್ಕೆ ಒಪ್ಪಿದರೇ ಹೊರತು ಬಂಡವಾಳಕ್ಕೆ ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಸಂಘ ಮುರಿದುಬಿತ್ತು. ಕಾರ್ನಿ ೧೯೦೬ರಲ್ಲಿ ಯುರೋಪಿಗೆ ಹೋಗುತ್ತಿದ್ದ ಹಡಗಿನಲ್ಲಿಯೇ ತೀರಿಕೊಂಡನು. ಮಕ್ಕಳಿಲ್ಲದ ಅವನು ತನ್ನ ವಿಶಾಲವಾದ ಜಮೀನನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಬರೆದಿಟ್ಟಿದ್ದನು.

ಈ ನಡುವೆ ಪೆಟ್ಟಿಗೆಯ ಸ್ವರೂಪವೇ ಬದಲಾಗುತ್ತಿತ್ತು. ಫ್ರೆಸ್ನೋದ ದ್ರಾಕ್ಷಿ ಮಸ್ಕಟ್ ಜಾತಿಯದು. ದಪ್ಪ, ಪರಿಮಳವುಳ್ಳದ್ದು, ಆದರೆ ಬೀಜವಿರುವುದು. ಹಬ್ಬದ ಕೇಕು ಮಾಡುವ ಮನೆಗಳಲ್ಲಿ ಹೆಂಗಸರು ಗಂಟೆಗಟ್ಟಲೆ ಕೂತು ಬೀಜ ಬಿಡಿಸಬೇಕಾಗಿತ್ತು. ೧೮೯೦ರ ದಶಕದಲ್ಲಿ ಜಾರ್ಜ್ ಪೆಟಿಟ್ ಎಂಬಾತನು ಬೀಜ ತೆಗೆಯುವ ಯಂತ್ರವನ್ನು ಕಂಡುಹಿಡಿದನು. ಬೀಜ ತೆಗೆದ ಹಣ್ಣು ಅಂಟಂಟಾಗಿರುವುದರಿಂದ ಅದನ್ನು ಮರದ ಪೆಟ್ಟಿಗೆಯಲ್ಲಿ ಒಟ್ಟಿ ಕಳುಹಿಸುವುದಕ್ಕಾಗದು. ಮೇಣದ ಕಾಗದ ಸುತ್ತಿದ ಒಂದು ಪೌಂಡಿನ ರಟ್ಟಿನ ಡಬ್ಬಿ ಬಂದಿತು. ಇದು ಸಣ್ಣ ಬದಲಾವಣೆಯೆಂದು ತೋರಬಹುದು. ಆದರೆ ೨೦ ಪೌಂಡಿನ ಪೆಟ್ಟಿಗೆಯ ಹೆಸರನ್ನು ಓದುತ್ತಿದ್ದವನು ಅಂಗಡಿಯವನು. ಒಂದು ಪೌಂಡಿನ ಡಬ್ಬಿಯ ಹೆಸರನ್ನು ಓದುವವಳು ಮನೆಯ ಯಜಮಾನಿ. ಇನ್ನು ಮೇಲೆ ಯಾರ ಹೆಸರು ಡಬ್ಬಿಯ ಮೇಲಿರುವುದೋ ಅವರ ಕೈಯಲ್ಲಿ ವ್ಯಾಪಾರ.

ಯಂತ್ರದ ಜಯವೂ ಶಾಶ್ವತವಾಗಲಿಲ್ಲ. ೧೮೭೨ರಲ್ಲಿ ವಿಲಿಯಂ ಥಾಂಪ್ಸನ್ ಎಂಬ ಆಂಗ್ಲೇಯನು ನ್ಯೂಯಾರ್ಕ್ ಪ್ರಾಂತದ ಸಸ್ಯಾಲಯದಿಂದ ಒಂದು ಬೀಜರಹಿತ ಜಾತಿಯ ತುಂಡುಗಳನ್ನು ತರಿಸಿ ಯೂಬಾ ನಗರದ ಬಳಿ ನೆಟ್ಟಿದ್ದನು. ಮೂರರಲ್ಲಿ ಬದುಕಿದ್ದು ಒಂದೇ ಎಂದು ಹೇಳುವರು. ಈ ಜಾತಿಗೆ ಅವನ ಹೆಸರೇ ನಿಂತು ‘ಥಾಂಪ್ಸನ್ ಸೀಡ್‌ಲೆಸ್’ ಎಂದಾಯಿತು. ಕ್ರಮೇಣ ಮಸ್ಕಟ್ಟನ್ನು ಹಿಂದಕ್ಕೆ ತಳ್ಳಿತು. ವಾಸ್ತವವಾಗಿ ಇದು ಪರ್ಷಿಯಾ, ಅಫ್ಘಾನಿಸ್ಥಾನಗಳಲ್ಲಿ ಶತಮಾನಗಳಿಂದ ಬೆಳೆಯುತ್ತಿದ್ದ ಕಿಸ್‌ಮಿಸ್ ಜಾತಿಯೇ. ಕಾಬೂಲಿನ ವರ್ತಕರು ನಮ್ಮ ಊರುಗಳಿಗೆ ಹೊತ್ತು ತರುತ್ತಿದ್ದ ಹಣ್ಣು. ಇಂದು ನಮ್ಮ ವಿಜಯಪುರ ಜಿಲ್ಲೆಯಲ್ಲಿ ಒಣದ್ರಾಕ್ಷಿಗಾಗಿ ಬೆಳೆಸುವ ಬಳ್ಳಿಗಳೂ ಬಹುಪಾಲು ಈ ಥಾಂಪ್ಸನ್ ವಂಶದವೇ. ಕ್ರಮ ಮಾತ್ರ ಬೇರೆ. ಅಲ್ಲಿ ಹಣ್ಣನ್ನು ನೆಲದ ಮೇಲೆ ಬಿಸಿಲಿಗೆ ಇಡುವುದಿಲ್ಲ. ಕ್ಷಾರ ಎಣ್ಣೆಗಳು ಬೆರೆತ ದ್ರಾವಣದಲ್ಲಿ ಅದ್ದಿ, ಮೇಲೆ ಚಪ್ಪರವಿರುವ ಬಲೆಯ ಅಟ್ಟಗಳಲ್ಲಿ ನೆರಳಿನಲ್ಲಿ ಗಾಳಿಗೆ ಒಣಗಿಸುವರು. ಹೀಗೆ ಒಣಗಿದ ಹಣ್ಣು ಬಹುಕಾಲ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಗಳ ಹರಾಜುಕಟ್ಟೆಗೆ ಹೋಗಿ, ಅಲ್ಲಿಯ ಸರಕಾಗಿಯೇ ಮುಂದಕ್ಕೆ ಸಾಗಿದೆ. ಫ್ರೆಸ್ನೋದ ರೈತನ ವ್ಯಾಜ್ಯ ನಮಗೆ ಕೇವಲ ಪರದೇಶದ ಸಂಗತಿಯಲ್ಲ.

ಕಾರ್ನಿಯು ಬಯಸಿದ್ದು ಅವನು ತೀರಿಹೋದ ಆರು ವರ್ಷಕ್ಕೆ ಕೈಗೂಡಿತು. ೧೯೧೨ರಲ್ಲಿ ಬೆಳೆಗಾರರೂ ಊರಿನ ವರ್ತಕರೂ ಷೇರು ಹಾಕಿ ‘ಕ್ಯಾಲಿಫೋರ್ನಿಯಾ ಅಸೋಸಿಯೇಟೆಡ್ ರೇಸಿನ್ ಕಂಪೆನಿ’ಯನ್ನು ಸ್ಥಾಪಿಸಿದರು. ಈ ಸಲ ಬಂಡವಾಳವಿತ್ತು, ಕಾರ್ಖಾನೆಗಳು ಬಂದುವು, ಕೆಲವೇ ವರ್ಷಗಳಲ್ಲಿ ಬೆಳೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಇವರ ಕೈ ಸೇರಿತು. ೧೯೧೫ರಲ್ಲಿ ಡಬ್ಬಿಗೆ ‘ಸನ್-ಮೇಡ್’ ಎಂಬ ಹೆಸರನ್ನಿಟ್ಟರು. ‘ಬಿಸಿಲಿನಿಂದಾದದ್ದು’ ಎಂಬ ಇಂಗ್ಲಿಷ್ ಮಾತಿನ ಉಚ್ಚಾರಣೆಯನ್ನು ಉಳಿಸಿಕೊಂಡು, ಬರೆಯುವಾಗ ‘ಸೂರ್ಯಕನ್ಯೆ’ ಎಂಬ ಅರ್ಥ ಬರುವಂತೆ ಮಾಡಿದ ಶ್ಲೇಷೆ ಅದು. ಕನ್ಯೆಯೊಬ್ಬಳು ಬೇಕಷ್ಟೆ? ಕಂಪೆನಿಯ ಪ್ರಚಾರದ ಕೆಲಸದಲ್ಲಿದ್ದ ಲೊರೇನ್ ಕಾಲೆಟ್ ಎಂಬ ಹುಡುಗಿಗೆ ಕೆಂಪು ಕುಲಾವಿ ತೊಡಿಸಿ, ದ್ರಾಕ್ಷಿಯ ತಟ್ಟೆ ಕೈಗೆ ಕೊಟ್ಟು, ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ಯಾನಿ ಸ್ಕಾಫರ್ಡ್ ಎಂಬ ಚಿತ್ರಗಾತಿ ನೀರುಬಣ್ಣದಲ್ಲಿ ಚಿತ್ರ ಬರೆದಳು. ಆ ಕುಲಾವಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹದಲ್ಲಿದೆ. ಮಿನ್ನಿ ಆಸ್ಟಿನ್ ತನ್ನ ಪೆಟ್ಟಿಗೆಯ ಮೇಲೆ ತನ್ನ ಹೆಸರು ಬರೆದಿದ್ದಳು. ಈಗ ಸಾವಿರಾರು ಮಂದಿಯ ಹಣ್ಣು ಒಂದು ಹುಡುಗಿಯ ನಗೆಮುಖದ ಹಿಂದೆ ಒಂದಾಯಿತು.

ನಗೆಮುಖದ ಹಿಂದೆ ನಡೆದುದೆಲ್ಲ ನಗುವಂಥದಲ್ಲ. ಇಂತಹ ಕೂಟ ನಿಲ್ಲಬೇಕಾದರೆ ಎಲ್ಲರೂ ಸೇರಬೇಕು. ಹೊರಗೆ ನಿಂತವನು ಕೂಟದಿಂದ ಏರಿದ ಕ್ರಯವನ್ನು ಬಿಟ್ಟಿಯಾಗಿ ಉಣ್ಣುತ್ತಾನೆ. ಆದ್ದರಿಂದ ಕರಾರಿಗೆ ರುಜು ಹಾಕದವರ ಮೇಲೆ ಒತ್ತಡ ಬಿತ್ತು. ಮೊದಲು ಮಾತಿನಿಂದ, ೧೯೨೦ರ ದಶಕದ ಆದಿಯಲ್ಲಿ ಮಾತು ಮೀರಿತು. ರಾತ್ರಿಯ ಹೊತ್ತು ಗುಂಪುಗಳು ಮನೆಗಳಿಗೆ ನುಗ್ಗಿ, ಬೆದರಿಸಿ ರುಜು ಹಾಕಿಸಿದುವು. ಒಪ್ಪದವರ ಬಳ್ಳಿಗಳನ್ನು ಕಡಿದುಹಾಕಿದುವು. ಈ ಹೊಡೆತ ಹೆಚ್ಚಾಗಿ ತಗಲಿದ್ದು ಆರ್ಮೇನಿಯಾದಿಂದ, ಜಪಾನಿನಿಂದ ಬಂದು ನೆಲಸಿದ್ದ ಬೆಳೆಗಾರರಿಗೆ. ಆರ್ಮೇನಿಯರು ೧೮೮೧ರಿಂದಲೇ ಫ್ರೆಸ್ನೋಕ್ಕೆ ಬರುತ್ತಿದ್ದರು. ದ್ರಾಕ್ಷಿ ಅವರ ತಾಯ್ನಾಡಿನ ಬೆಳೆ. ತುರ್ಕರ ಹಿಂಸೆಗೆ ಓಡಿಬಂದ ಜನಕ್ಕೆ ನಡುರಾತ್ರಿ ಬಾಗಿಲು ಬಡಿಯುವ ಸದ್ದು ಹೇಗೆ ಕೇಳಿಸಿರಬಹುದು! ವರ್ತಕರ ಅನ್ಯಾಯವನ್ನು ತಡೆಯಲು ಹುಟ್ಟಿದ ಸಂಸ್ಥೆಯ ಹೆಸರಿನಲ್ಲಿ ರೈತರೇ ರೈತರಿಗೆ ಮಾಡಿದ ಈ ಅನ್ಯಾಯವನ್ನು, ಆ ಸಂಸ್ಥೆಯ ಗುಣವನ್ನು ಮೆಚ್ಚುವವರೂ ಮುಚ್ಚಿಡಲಾಗದು.

೧೯೨೦ರಲ್ಲಿ ಅಮೆರಿಕಾ ಸರ್ಕಾರವು ಏಕಸ್ವಾಮ್ಯದ ಆಪಾದನೆಯ ಮೇಲೆ ಕಂಪೆನಿಯ ವಿರುದ್ಧ ದಾವೆ ಹೂಡಿತು. ೧೯೨೨ರಲ್ಲಿ ಕಾಪರ್–ವೋಲ್‌ಸ್ಟೆಡ್ ಶಾಸನ ಬಂದು, ರೈತರು ಕೂಡಿ ಮಾರುವುದು ಅಪರಾಧವಲ್ಲವೆಂದು ವಿಧಿಸಿತು. ಕಂಪೆನಿಯು ರೂಪ ಬದಲಿಸಿ ಬೆಳೆಗಾರರದೇ ಆದ ಸಹಕಾರ ಸಂಘವಾಯಿತು. ಅಷ್ಟರಲ್ಲಿ ಹೆಚ್ಚಿನ ಕ್ರಯದ ಆಸೆಯಿಂದ ಎಲ್ಲರೂ ಬಳ್ಳಿ ನೆಟ್ಟಿದ್ದರು. ಬೆಳೆ ಪ್ರವಾಹವಾಗಿ ಬಂದು ಕ್ರಯ ನೆಲ ಕಚ್ಚಿತು. ಸಹಕಾರದಿಂದ ಅಂಗಡಿಯವನನ್ನು ಬಗ್ಗಿಸಬಹುದು. ತಾವೇ ನೆಟ್ಟ ಬಳ್ಳಿಯನ್ನು ಬಗ್ಗಿಸುವುದು ಹೇಗೆ?

ಇದಕ್ಕೆ ಸರ್ಕಾರವು ೧೯೪೯ರಲ್ಲಿ ಒಂದು ಉಪಾಯ ಮಾಡಿತು. ಪ್ರತಿ ವರ್ಷ ಒಂದು ಸಮಿತಿ ಕುಳಿತು, ಬೆಳೆಯಲ್ಲಿ ಇಂತಿಷ್ಟು ಭಾಗ ಮಾರುಕಟ್ಟೆಗೆ ಹೋಗಬಾರದೆಂದು ಗೊತ್ತುಮಾಡುವುದು. ಆ ಭಾಗವನ್ನು ಬೇರೆ ಇಟ್ಟು ಸಮಿತಿಗೆ ಒಪ್ಪಿಸತಕ್ಕವನು ರೈತನಲ್ಲ, ಪ್ಯಾಕಿಂಗ್ ಮಾಡುವವನು. ೨೦೦೨-೦೩ರಲ್ಲಿ ಹೀಗೆ ತೆಗೆದಿರಿಸಿದ್ದು ನೂರಕ್ಕೆ ೪೭ ಭಾಗ; ಬೆಳೆಗಾರರಿಗೆ ಅದಕ್ಕಾಗಿ ಬಂದುದು ಬೆಳೆದ ಖರ್ಚಿಗೂ ಕಡಿಮೆ. ಮರುವರ್ಷ ನೂರಕ್ಕೆ ೩೦. ಅದಕ್ಕೆ ಏನೂ ಬರಲಿಲ್ಲ.

ಫ್ರೆಸ್ನೋ ಸೀಮೆಯ ಮಾರ್ವಿನ್ ಹಾರ್ನ್ ಎಂಬ ಬೆಳೆಗಾರನೂ ಅವನ ಮನೆಯವರೂ ಇದನ್ನು ಒಪ್ಪಲಿಲ್ಲ. ಕಾಯಿದೆ ಹಿಡಿಯುವುದು ಪ್ಯಾಕಿಂಗ್ ವರ್ತಕನನ್ನು ತಾನೇ? ನಾವು ಅವನ ಬಳಿಗೆ ಹೋಗುವುದೇ ಇಲ್ಲ, ಎಂದು ತಾವೇ ಯಂತ್ರಗಳನ್ನು ಇಟ್ಟುಕೊಂಡು ತಮ್ಮ ಹಣ್ಣನ್ನು ತಾವೇ ಡಬ್ಬಿಗೆ ತುಂಬಿದರು. ನೆರೆಯವರಿಗೂ ಕೂಲಿಗೆ ತುಂಬಿಕೊಟ್ಟರು. ಹಾಗಾದರೆ ನೀವೇ ಪ್ಯಾಕಿಂಗ್ ವರ್ತಕರು, ಭಾಗವನ್ನು ಒಪ್ಪಿಸಿ, ಎಂದಿತು ಸರ್ಕಾರ. ಒಂದು ದಿನ ಬೆಳಿಗ್ಗೆ ಎಂಟು ಗಂಟೆಗೆ ಸರ್ಕಾರದ ಲಾರಿಗಳು ಹಣ್ಣನ್ನು ಒಯ್ಯುವುದಕ್ಕೆ ಅವರ ಕಾರ್ಖಾನೆಯ ಬಾಗಿಲಿಗೆ ಬಂದುವು. ಅವರು ಒಳಗೆ ಬಿಡಲಿಲ್ಲ. ಕೊಡದಿದ್ದ ಹಣ್ಣಿನ ಬೆಲೆಯೆಂದು ಸುಮಾರು ೪,೮೦,೦೦೦ ಡಾಲರು, ಅದರ ಮೇಲೆ ೨,೦೦,೦೦೦ ಡಾಲರಿಗೂ ಮೀರಿ ದಂಡ ಬಿದ್ದಿತು. ಮೊಕದ್ದಮೆಯು ಕೋರ್ಟಿನಿಂದ ಕೋರ್ಟಿಗೆ ಏರಿ, ೨೦೧೫ರ ಜೂನ್ ೨೨ರಂದು ಅಮೆರಿಕಾದ ಪರಮೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಪರಿಹಾರ ಕೊಡದೆ ಬೆಳೆಗಾರನ ಹಣ್ಣನ್ನು ತೆಗೆದುಕೊಳ್ಳುವುದಕ್ಕೆ ರಾಜ್ಯಾಂಗದಲ್ಲಿ ಅವಕಾಶವಿಲ್ಲವೆಂದು ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಹೇಳಿದರು. ದಂಡ ರದ್ದಾಯಿತು. ಲಾರಿಗಳು ಬಂದಿದ್ದ ದಿನದ ಹಣ್ಣು ಅಷ್ಟರಲ್ಲಿ ಎಂದೋ ತಿಂದು ಮುಗಿದಿತ್ತು.